ಅಮ್ಮನ ಸ್ಕೋರು

ಸಿದ್ದಗಂಗಮ್ಮನಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋದ ಮೇಲೆ, ಹೆಬ್ಬೆರಳಿಗೆ ಏನಾದರೂ ಕೆಲಸ ಕೊಡ್ತಾ ಇರಿ ಅಂತ ಫಿಸಿಯೋಥೆರಪಿಯವರು ಹೇಳಿದ್ದರು. ಸ್ಪಂಜಿನ ಚೆಂಡು ಕೊಟ್ಟರೆ ಮಂಚದ ಕೆಳಕ್ಕೆ ಉರುಳಿಸಿಬಿಡುತ್ತಿದ್ದಳು. ಕೊನೆಗೆ ಮಗಳು ಸುಮನಾ ಅಂಗೈಯಲ್ಲಿ ಹಿಡಿದು ವಿಡಿಯೋ ಗೇಮ್ ಆಡುವ ಒಂದು ಹಳೇ ಗೇಮ್‌ಬಾಯ್ ತಂದು ಕೈಗಿಟ್ಟಳು.

ತುಮಕೂರಿನ ಸದಾಶಿವನಗರದ ಆ ಮನೆಯ ಹಿಂದಿನ ಕೋಣೆಯಲ್ಲಿ ಸುಮನಾ ಇಂಥವನ್ನೇ ರಿಪೇರಿ ಮಾಡುತ್ತಿದ್ದಳು. ಅಮ್ಮನ ಕಣ್ಣಿಗೆ ಕಾಣಲಿ ಅಂತ ಮಬ್ಬು ಪರದೆ ಕಿತ್ತು ಬೆಳಕಿರುವ ಹೊಸ ಡಿಸ್ಪ್ಲೇ ಕೂರಿಸಿದಳು. ಬಟನ್ನಿನ ಅಡಿಯ ರಬ್ಬರ್ ಬದಲಾಯಿಸಿ, ಸುಮ್ಮನೆ ತಾಕಿದರೂ ಒತ್ತುವಷ್ಟು ಮೆತ್ತಗೆ ಮಾಡಿದಳು. ಮೇಲಿಂದ ಬೀಳುವ ಇಟ್ಟಿಗೆಗಳನ್ನು ಜೋಡಿಸುವ ಆಟ. ಅಮ್ಮ ಮೊದಮೊದಲು ಬೈದಳು. ಆಮೇಲೆ ಪೂಜೆ ಮುಗಿದು ವಿಭೂತಿ ಹಚ್ಚಿಸಿಕೊಂಡ ತಕ್ಷಣ, "ಎಲ್ಲೇ ನನ್ನ ಇಟ್ಗೆ?" ಅನ್ನತೊಡಗಿದಳು. ಎಲ್ಲರಿಗಿಂತ ಹೆಚ್ಚು ಸ್ಕೋರು ಬಂದ ದಿನ ಆಟ ಹೆಸರು ಕೇಳಿತು. ಅಮ್ಮ ಯಾರನ್ನೂ ಮುಟ್ಟಗೊಡಲಿಲ್ಲ. ಇಂಗ್ಲಿಷ್ ಅಕ್ಷರ ಒಂದೊಂದೇ ಹುಡುಕಿ, ಆ ಬಿದ್ದ ಬೆರಳಲ್ಲೇ ಒತ್ತಿ, 'ಅಮ್ಮ' ಅಂತ ಹಾಕಿದಳು.

ಎರಡನೇ ಸಲ ಲಕ್ವ ಹೊಡೆದಾಗ ಅವಳು ಉಳಿಯಲಿಲ್ಲ. ಹೆಸರು ಉಳಿಯಿತು, ಆಟ ತುಂಬಿದ ಕಾರ್ಟ್ರಿಡ್ಜಿನೊಳಗಿನ ಬಿಲ್ಲೆಯಂಥ ಬ್ಯಾಟರಿಯ ಆಸರೆಯಲ್ಲಿ.

ಗುಬ್ಬಿಯಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದ ಕಾಂತೇಶ್ ಹಳೇ ಗೇಮುಗಳ ಮೇಲೆ ವಿಡಿಯೋ ಮಾಡಿ ಹಾಕುತ್ತಿದ್ದ. ಸುಮನಾಳ ಮನೆಗೆ ಬಂದು ಹೋಗಿ ಬಳಕೆಯಾದವನು. ಬದುಕಿದ್ದಾಗ ಅಮ್ಮನೂ ಅವನನ್ನು ಊಟ ಮಾಡಿಸದೆ ಕಳಿಸುತ್ತಿರಲಿಲ್ಲ. ಅಮ್ಮ ಹೋದ ಮೇಲೊಂದು ದಿನ ಬಂದು, ಆ ಮೆತ್ತನೆ ಬಟನ್ನು ಕುಣಿಗಲಿನ ಗೆಳೆಯರಿಗೆ ತೋರಿಸಿ ತರ್ತೀನಿ ಅಂದ.

"ಒಯ್ಯಿ. ಕಾರ್ಟ್ರಿಡ್ಜ್ ಮಾತ್ರ ಬಿಚ್ಚಬೇಡ ಕಣೋ, ಅಮ್ಮನ ಸ್ಕೋರಿದೆ," ಅಂದಳು ಸುಮನಾ.

"ನಂಗೊತ್ತಿಲ್ವಾ ಅಕ್ಕಾ?"

ವಾಪಸ್ ಬಂದಾಗ ಸ್ಕೋರಿನ ಪಟ್ಟಿ ಖಾಲಿ. ಬ್ಯಾಟರಿ ತಾನಾಗೇ ಸತ್ತಿದೆ ಅಂದ ಕಾಂತೇಶ್. ಸುಮನಾ ನಂಬಿದಳು. ತಾನೇ ಮೊದಲೇ ಬದಲಾಯಿಸಬೇಕಿತ್ತು ಅಂತ ತನ್ನನ್ನೇ ಬೈದುಕೊಂಡಳು.

ಆಮೇಲೊಂದು ದಿನ ಫೋನಿನಲ್ಲಿ ಅವನ ವಿಡಿಯೋ ಕಣ್ಣಿಗೆ ಬಿತ್ತು: ಹಳೇ ಕಾರ್ಟ್ರಿಡ್ಜ್ ಹೊಸದು ಮಾಡೋದು ಹೇಗೆ. ಪರದೆಯ ಮೇಲೆ ಅಮ್ಮನ ಹೆಸರು. "ನೋಡಿ ಫ್ರೆಂಡ್ಸ್, ಯಾವ್ದೋ ಅಜ್ಜಿ ಸ್ಕೋರು. ಬ್ಯಾಟರಿ ಕಿತ್ತಾಕಿದ್ರೆ ಖಲ್ಲಾಸ್!" ಅಂತ ನಗುತ್ತಾ ಕಿತ್ತಿದ್ದ.

ಸುಮನಾ ಜಗಳವಾಡಲಿಲ್ಲ. ಅವನು ಬಂದಾಗ ಮೊದಲಿನಂತೆಯೇ ಕಾಫಿ ಕೊಟ್ಟಳು. ಅವನ ಹತ್ತಿರ ಹೈಸ್ಕೂಲಿಂದ ಆಡಿಕೊಂಡು ಬಂದ ಒಂದು ಆಟವಿತ್ತು. ಆಡಿದ್ದೆಲ್ಲ ಅದರೊಳಗೂ ಅಂಥದೇ ಬ್ಯಾಟರಿಯಿಂದ ಉಳಿದಿತ್ತು. ಒಂದಲ್ಲ ಒಂದು ದಿನ ಅವನು ಅದನ್ನು ಹಿಡಿದುಕೊಂಡು ಬಂದೇ ಬರುತ್ತಾನೆ ಅಂತ ಕಾದಳು.

ಬಂದ. "ಬ್ಯಾಟರಿ ಲೀಕ್ ಆಗ್ತಿದೆ ಅಕ್ಕಾ. ನಾನು ಮುಟ್ಟೋಕೆ ಹೆದರ್ಕೊಂಡೆ. ಒಳಗಿರೋದು ಹೋಗದಂಗೆ ಬದಲಾಯಿಸಿಕೊಡಿ."

"ಕೂತ್ಕೋ."

ಅವನೆದುರೇ ಬಿಚ್ಚಿದಳು. ಇನ್ನೊಂದು ಬ್ಯಾಟರಿಗೆ ಎರಡು ವೈರು ಬೆಸೆದು ಪಕ್ಕದಲ್ಲಿಟ್ಟಳು. "ಇದನ್ನ ಜೋಡಿಸ್ಕೊಂಡು ಹಳೇದು ತೆಗೆದ್ರೆ ಎಲ್ಲ ಉಳಿಯುತ್ತೆ. ಜೋಡಿಸ್ದೆ ತೆಗೆದ್ರೆ ಏನಾಗುತ್ತೆ, ಹೇಳು?"

"ಎಲ್ಲಾ ಹೋಗುತ್ತೆ."

ಸುಮನಾ ಫೋನು ತೆಗೆದು ಆ ವಿಡಿಯೋ ಹಾಕಿ ಅವನ ಮುಂದಿಟ್ಟಳು. ಕೋಣೆಯಲ್ಲಿ ಅವನದೇ ನಗು ಕೇಳಿಸಿತು.

"ಅಕ್ಕಾ, ತಪ್ಪಾಯ್ತು. ಅದು ಬರೀ ಸ್ಕೋರು ಅಂತ..."

"ಇದೂ ಬರೀ ಆಟ ಕಣೋ."

"ಬೇಡಿ ಅಕ್ಕಾ! ನಿಮ್ಮ ಕಾಲಿಗೆ ಬೀಳ್ತೀನಿ!"

ಅವನು ಕೈ ಚಾಚುವ ಮೊದಲೇ ಅವಳು ವೈರು ಜೋಡಿಸದೆಯೇ, ಬೆಸುಗೆ ಹಾಕುವ ಕಾದ ಕಡ್ಡಿ ತಾಗಿಸಿ ಬ್ಯಾಟರಿ ಎತ್ತಿಬಿಟ್ಟಳು. ಆಮೇಲೆ ಅವಸರವಿಲ್ಲದೆ ಹೊಸದು ಕೂರಿಸಿ, ಸ್ಕ್ರೂ ಬಿಗಿದು, ಬಟ್ಟೆಯಲ್ಲಿ ಒರೆಸಿ ಕೊಟ್ಟಳು. "ತಗೋ. ಹೊಸದಾಯ್ತು." ಕಾಂತೇಶ್ ಅಳುತ್ತಲೇ ಎದ್ದು ಹೋದ. ಆವತ್ತು ಅವಳು ಹೊಟ್ಟೆ ತುಂಬ ಉಂಡಳು.

ಮಾರನೇ ದಿನ ನೋಡಿದರೆ ಆ ವಿಡಿಯೋ ಇರಲಿಲ್ಲ. ಅಮ್ಮನ ಹೆಸರು ಕಾಣುತ್ತಿದ್ದದ್ದು ಅದೊಂದರಲ್ಲೇ ಅಂತ ಅವಳಿಗೆ ಹೊಳೆದದ್ದು ಆಗಲೇ. ಸಿಟ್ಟಿನಲ್ಲಿ ಎಷ್ಟೋ ಸಲ ನೋಡಿದ್ದಳು, ಇಳಿಸಿಟ್ಟುಕೊಳ್ಳಬೇಕು ಅಂತ ಅನ್ನಿಸಿರಲೇ ಇಲ್ಲ. ಕಾಂತೇಶನಿಗೆ ಫೋನು ಮಾಡಿದಳು.

"ಆ ವಿಡಿಯೋ ನಿನ್ನ ಹತ್ರ ಇದೆಯೇನೋ?"

"ಅಳಿಸಿಬಿಟ್ಟೆ. ಎಲ್ಲೂ ಇಲ್ಲ." ಮತ್ತೆ ಅವನೇ ಕೇಳಿದ, "ಯಾಕೆ, ಬೇಕಿತ್ತಾ?"

"ಬೇಡ," ಅಂದು ಇಟ್ಟಳು.

ತುಂಬ ಹೊತ್ತು ಅತ್ತಳು. ಆದರೆ ಅವನು ಮತ್ತೆ ಎದುರು ಬಂದು ಕೂತರೂ ಆ ಬ್ಯಾಟರಿಯನ್ನು ಹಾಗೇ ಕೀಳುವವಳೇ. ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು.