ಎರಡೂ ಎಡತೋಳು

"ದನ ಕಾಯೋಕೂ ಲಾಯಕ್ಕಿಲ್ಲ ನೀನು! ಎರಡೂ ಎಡತೋಳು ಕತ್ತರಿಸಿ ಇಟ್ಟಿದ್ದೀಯಲ್ಲೋ, ಈ ಕೋಟು ಯಾರು ಹಾಕ್ಕೋತಾರೆ? ನಿಮ್ಮ ತಾತನಾ?"

ಅಪ್ಪ ಕೋಟಿನ ತೋಳುಗಳನ್ನು ಎತ್ತಿ ಹಿಡಿದು ಹೊಲಿಗೆ ಅಂಗಡಿಯಲ್ಲಿದ್ದವರಿಗೆಲ್ಲ ತೋರಿಸಿದ. ಬೆಂಚಿನ ಮೇಲಿದ್ದ ಇಬ್ಬರು ಗಿರಾಕಿಗಳು ಕಿಸಕ್ಕೆಂದರು. ಕೋಟು ಹೊಲಿಯಲು ಕೊಟ್ಟಿದ್ದ ಪೋಸ್ಟ್‌ಮಾಸ್ಟರು ಮಾತ್ರ ನಗಲಿಲ್ಲ. ಅವರ ಮಗಳ ಮದುವೆಗೆ ಉಳಿದದ್ದು ನಾಲ್ಕೇ ದಿನ.

ಮಗನ ಕಿವಿ ಕೆಂಡವಾಯಿತು. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡವನು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟದ್ದೂ ಇಂಥದ್ದೇ ಒಂದು ಬೈಗುಳ ನುಂಗಲಾರದೆ.

ತೋಳು ಕತ್ತರಿಸಿದ್ದು ಅವನಲ್ಲ, ಅಪ್ಪ. ಬಟ್ಟೆಯನ್ನು ಎರಡು ಪದರ ಮಡಿಸಿ ಕತ್ತರಿಸಿದರೆ ಎಡಬಲ ತಾನಾಗಿ ಬರುತ್ತದೆ ಎಂದು ಬೆರಳಿಗೆ ಸ್ಕೇಲಿನಲ್ಲಿ ಬಾರಿಸಿ ಕಲಿಸಿದವನೂ ಅಪ್ಪನೇ. ನಿನ್ನೆ ಮಡಿಸುವುದನ್ನೇ ಮರೆತಿದ್ದ. ಆ ಹೊತ್ತಿನಲ್ಲಿ ಮಗ ಅಪ್ಪನದೇ ಸ್ಕ್ಯಾನಿನ ವರದಿಗಾಗಿ ಆಸ್ಪತ್ರೆಯ ಸಾಲಿನಲ್ಲಿ ನಿಂತಿದ್ದ.

"ತಲೆಯೊಳಗೆ ಸಣ್ಣ ಸಣ್ಣ ರಕ್ತನಾಳ ಕಟ್ಕೊಂಡಿವೆ, ಮರೆವು ಅದರಿಂದಲೇ," ಎಂದಿದ್ದರು ಡಾಕ್ಟರು. "ಅಸಡ್ಡೆ ಅಂತ ತಿಳ್ಕೋಬೇಡಿ. ಕೈಗೆ ಗೊತ್ತಿರೋ ಕೆಲಸ ಮಾತ್ರ ಬಿಡಿಸ್ಬೇಡಿ. ಅದೂ ಹೋದ್ರೆ ಅವರು ಕುಗ್ಗಿ ಹೋಗ್ತಾರೆ."

"ಅಲ್ಲಪ್ಪಾ," ಪೋಸ್ಟ್‌ಮಾಸ್ಟರು ಮಗನ ಕಡೆ ತಿರುಗಿದರು, "ಮೂವತ್ತು ವರ್ಷದಿಂದ ನನ್ನ ಬಟ್ಟೆಗೆ ಕತ್ತರಿ ಹಾಕೋರು ನಿಮ್ಮಪ್ಪನೇ. ಇದನ್ನ ನಿಜವಾಗ್ಲೂ ನೀನೇ ಕತ್ತರಿಸಿದ್ದಾ?"

ಅಪ್ಪನ ಕೈ ನಿಂತಿತು. ತೋಳಿನ ಅಂಚಿನಲ್ಲಿ ಸೀಮೆಸುಣ್ಣದ ಒಂದು ಪುಟ್ಟ ಕೊಕ್ಕೆಯಿತ್ತು. ಗೆರೆ ಮುಗಿಸುವಾಗ ಅಪ್ಪ ಮಾತ್ರ ಎಳೆಯುವ ಗುರುತು ಅದು. ಅವನ ಕಣ್ಣು ಅದರ ಮೇಲೇ ನೆಟ್ಟಿತು. ಜಾತ್ರೆಯಲ್ಲಿ ಕೈ ತಪ್ಪಿದ ಮಗುವಿನ ಹಾಗೆ ಮಗನ ಮುಖ ಹುಡುಕಿದ.

ನಾಲಿಗೆಯ ತುದಿಗೆ ಬಂದದ್ದನ್ನು ಮಗ ಅಲ್ಲೇ ಕಚ್ಚಿ ಹಿಡಿದ. ತೋಳುಗಳನ್ನು ಅಪ್ಪನ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡು, ಮಡಿಸುವ ನೆವದಲ್ಲಿ ಕೊಕ್ಕೆಯ ಮೇಲೆ ಹೆಬ್ಬೆರಳು ಉಜ್ಜಿದ. ಅದೇ ಬಣ್ಣದ ಬಟ್ಟೆ ಸಿಗುವುದು ಮೂಲೆಯ ಅಂಗಡಿಯಲ್ಲಿ. ಚಪ್ಪಲಿ ಮೆಟ್ಟಿ ಮೆಟ್ಟಿಲಿಳಿದ.

"ನೋಡಿ ಸ್ವಾಮಿ, ಬಾಯೇ ಇಲ್ಲ ಅವನಿಗೆ!" ಹಿಂದಿನಿಂದ ಅಪ್ಪನ ದನಿ ಮತ್ತೆ ಏರಿತು. "ಲೋ, ಮೊದಲು ಮಡಿಸೋದು, ಆಮೇಲೆ ಕತ್ತರಿ! ನೆನಪಿರಲಿ!"

ಅವನು ತಿರುಗಲಿಲ್ಲ. ಕಂಕುಳಲ್ಲಿ ಎರಡು ಎಡತೋಳು ಅವುಚಿಕೊಂಡು ಬಿಸಿಲಿನಲ್ಲಿ ನಡೆದ. ಹೆಬ್ಬೆರಳು ಬೆಳ್ಳಗಿತ್ತು.