ಅರಗಿನ ಮುದ್ರೆಯ ಗಿಂಡಿ

“ನೋಡೇ ಯಶೋದಾ, ಎರಡೂ ಮದುವಣಗಿತ್ತಿ ಮೂಗುಬೊಟ್ಟಿನಂಗೆ ಹೊಳೀತಾವೆ! ಯಾವ್ದು ಯಾವ್ದೂಂತ ಆ ಶಿವನಿಗೂ ಗೊತ್ತಾಗಲ್ಲ,” ಎಂದಳು ಹನುಮಕ್ಕ.

ಅವಳ ಮಗ ಮರಿಯಪ್ಪ ಆಗಷ್ಟೇ ಸ್ನಾನ ಮುಗಿಸಿ ಬರುತ್ತಿದ್ದ. ಒದ್ದೆ ಟವೆಲಿನಲ್ಲೇ ದೇವರ ಗೂಡಿನ ಮುಂದೆ ನಿಂತುಬಿಟ್ಟ. ಗೂಡಿನಲ್ಲಿ ಎರಡು ತಾಮ್ರದ ಗಿಂಡಿ. ಎರಡರ ಬಾಯಿಗೂ ಕೆಂಪು ಅರಗಿನ ಮುದ್ರೆ.

“ಒಂದರ ಅಡೀಲಿ ಮಸಿ ಗುರುತಿತ್ತಲ್ಲ, ಎಲ್ಲೋಯ್ತು?”

“ಹುಣಸೆಹಣ್ಣು ಹಾಕಿ ತಿಕ್ಕಿದೆ. ರಾಮೇಶ್ವರದ ತೀರ್ಥ ಮಸಿ ಮೆತ್ಕೊಂಡು ಕೂತಿರಬೇಕಾ?” ಎಂದಳು ಹೆಂಡತಿ ಯಶೋದಮ್ಮ. “ಅದ್ಯಾಕೆ ನಿಮ್ಮ ಮುಖ ಹಂಗಾಯ್ತು?”

ಹಾಗಾಗುವುದಕ್ಕೆ ಕಾರಣವಿತ್ತು. ನಾಯಂಡಹಳ್ಳಿಗೆಲ್ಲ ಯಾತ್ರೆಯೆಂದು ಸಾರಿ ಹೊರಟಿದ್ದ ಮರಿಯಪ್ಪ, ರಾಜಾಜಿನಗರದ ಗೆಳೆಯ ಸೇತುರಾಮನ ಜೊತೆ ರಾಮೇಶ್ವರದಿಂದಾಚೆ ಹಡಗು ಹತ್ತಿ ಸಿಲೋನನ್ನೂ ನೋಡಿ ಬಂದಿದ್ದ. ಮದರಾಸು ಸೀಮೆಯಲ್ಲಿ ಪಾನನಿರೋಧ, ಬಾಟಲಿ ಸಿಕ್ಕರೆ ಜೈಲು. “ಮನೆಯಿಂದ ಒಯ್ಯೋಕಾಗಲ್ಲ ಮಗಾ, ಬರ್ತಾ ಹಡಗಲ್ಲೇ ಕೊಂಡ್ಕೋಬೇಕು,” ಎಂದು ಸೇತುರಾಮ ಪಾಠ ಹೇಳಿದ್ದ. ಹಾಗೇ ಕೊಂಡರು. ಕುಡಿದರು, ಹಾಡಿದರು, ಉಪ್ಪುಗಾಳಿಗೆ ಮುಖವೊಡ್ಡಿ ನಿಂತರು. ಉಳಿದ ಬ್ರಾಂದಿಯನ್ನು ಸಮುದ್ರಕ್ಕೆ ಚೆಲ್ಲಲು ಮಾತ್ರ ಇಬ್ಬರಿಗೂ ಮನಸ್ಸು ಬರಲಿಲ್ಲ. ಆಗ ಹೊಳೆದ ಉಪಾಯ ಮರಿಯಪ್ಪನದು. ತೀರ್ಥದ ಗಿಂಡಿಯ ಜೊತೆಗೆ ಕೊಂಡ ಇನ್ನೊಂದು ಖಾಲಿ ಇತ್ತಲ್ಲ, ಅದಕ್ಕೆ ಸುರಿದು ಬೆಂಕಿಕಡ್ಡಿ ಗೀರಿ ಅರಗು ಕರಗಿಸಿ ಮುದ್ರೆ ಒತ್ತಿದ. ತಳಕ್ಕೆ ಮಸಿ ಬಳಿದ. ಹಡಗಿಳಿದ ಧನುಷ್ಕೋಟಿಯಲ್ಲಿ ಟ್ರಂಕು ಬುಡಮೇಲು ಮಾಡಿದ ಸುಂಕದ ಅಧಿಕಾರಿ, ಗಿಂಡಿಗಳನ್ನು ಕಂಡದ್ದೇ ಬೂಟು ಕಳಚಿಟ್ಟು, ಎರಡನ್ನೂ ಕಣ್ಣಿಗೊತ್ತಿಕೊಂಡು ಹಿಂದಕ್ಕೆ ಕೊಟ್ಟ. ಬೆಂಗಳೂರು ಬರುವವರೆಗೂ ಗೆಳೆಯರಿಬ್ಬರೂ ನಕ್ಕಿದ್ದೇ ನಕ್ಕಿದ್ದು.

ಆ ನಗು ನಿಂತದ್ದು ಮನೆಯ ಹೊಸ್ತಿಲಲ್ಲಿ. ಹನುಮಕ್ಕ ಆರತಿ ಎತ್ತಿ, ಎರಡನ್ನೂ ಕೈಯಾರೆ ಗೂಡಿಗಿಟ್ಟಳು. ತೀರ್ಥದ ಮುದ್ರೆಯನ್ನು ಸುಮ್ಮಸುಮ್ಮನೆ ಒಡೆಯುವಂತಿಲ್ಲ. ಅದು ಕೊನೆಯುಸಿರಿನ ಬಾಯಿಗೆ ಮೀಸಲು. “ಸಾಯೋರಿಲ್ಲದ ಮನೇಲಿ ಮುದ್ರೆ ಒಡೆದ್ರೆ, ತೀರ್ಥವೇ ಒಬ್ಬರನ್ನ ಹುಡುಕ್ಕೊಳ್ತದೆ ಕಣಪ್ಪ,” ಎಂದು ಅವಳು ಹೇಳುತ್ತಲೇ ಇದ್ದಳು. ಸಮಯ ನೋಡಿ ಮಸಿಯ ಗಿಂಡಿಯನ್ನು ಸೇತುರಾಮನಿಗೆ ದಾಟಿಸುವುದೆಂದುಕೊಂಡಿದ್ದ ಮರಿಯಪ್ಪ. ಈಗ ಮಸಿಯೇ ಇಲ್ಲ.

ಅಷ್ಟರಲ್ಲಿ ಅಂಗಳದಲ್ಲಿ ಓಡಿಬಂದ ಸದ್ದಾಯಿತು. ಎದುರುಮನೆಯ ಮುನಿವೆಂಕಟಪ್ಪನ ಸೊಸೆ ಶಿವಗಂಗಮ್ಮ.

“ಹನುಮಕ್ಕಾ, ಮಾವನಿಗೆ ಮೇಲುಸಿರು ಬಂದದೆ. ನಿಮ್ಮನೇಲಿ ತೀರ್ಥ ಐತಂತಲ್ಲ… ಅದನ್ನೇ ಕೇಳ್ತಾವ್ರೆ.”

ಮುನಿವೆಂಕಟಪ್ಪ ಅಂದರೆ ಊರಿನ ಭಜನೆಮನೆಯ ಯಜಮಾನ. ಹರೆಯದಲ್ಲಿ ಹೆಂಡದಂಗಡಿಯ ಮುಂದೆ ಅಡ್ಡ ಮಲಗಿ, ಕುಡುಕರ ಕೈಲಿ ಒದೆ ತಿಂದವನು. ಹೆಂಡದ ವಾಸನೆ ಬಂದರೆ ಮದುವೆಮನೆಯ ಎಲೆಯನ್ನೇ ಬಿಟ್ಟೇಳುತ್ತಿದ್ದವನು.

“ಅಯ್ಯೋ ಪುಣ್ಯಾತ್ಮ! ಅವನಿಗಲ್ದೆ ಇನ್ಯಾರಿಗೆ?” ಹನುಮಕ್ಕ ಎಡಗಡೆಯ ಗಿಂಡಿಗೆ ಕೈಹಾಕಿದಳು.

“ತಡಿಯವ್ವ!” ಮರಿಯಪ್ಪ ಎರಡನ್ನೂ ಎತ್ತಿಕೊಂಡು ಅಲ್ಲಾಡಿಸಿದ. ಎರಡೂ ಒಂದೇ ಥರ ಗುಳುಗುಳು ಎಂದವು.

“ತೀರ್ಥಾನ ಗಿಲಕಿ ಆಡಿಸ್ದಂಗೆ ಆಡಿಸ್ತೀಯಲ್ಲೋ!”

ನಿಜ ಹೇಳಿಬಿಡೋಣವೆಂದು ಬಾಯಿ ತೆರೆದ. ಶಿವಗಂಗಮ್ಮ ಕಣ್ಣೊರೆಸಿಕೊಳ್ಳುತ್ತ ನಿಂತಿದ್ದಳು. ಅವಳ ಮುಂದೆ ಹೇಗೆ ಹೇಳುವುದು? ಎಡಗೈಯದು ಕೊಂಚ ಭಾರವೆನ್ನಿಸಿತು. ಹಡಗಿನಲ್ಲಿ ತಾನು ಬ್ರಾಂದಿಯನ್ನು ಗಿಂಡಿ ತುಳುಕುವಷ್ಟು ಸುರಿದ ನೆನಪು.

“ಅದು ಬ್ಯಾಡ. ಇದನ್ನ ತಗೊಂಡೋಗಿ,” ಎಂದು ಬಲಗೈಯದನ್ನು ಚಾಚಿದ.

ಶಿವಗಂಗಮ್ಮ ಅದನ್ನು ಸೆರಗಿನಲ್ಲಿಟ್ಟುಕೊಂಡು ಓಡಿದಳು. ಯಶೋದಮ್ಮನೂ ಹಿಂದೆಯೇ ಹೋದಳು. ಎದುರುಮನೆಯಲ್ಲಿ ಗಂಡಸರು ತಾಳ ಹಾಕಿಕೊಂಡು ಗೋವಿಂದನಾಮ ಹೇಳುತ್ತಿದ್ದರು.

ಮರಿಯಪ್ಪ ಉಳಿದ ಗಿಂಡಿಯನ್ನು ಅಡಿಗೆಮನೆಗೆ ಒಯ್ದು, ಕುಡುಗೋಲಿನ ತುದಿಯಿಂದ ಅರಗನ್ನು ಎಬ್ಬಿಸಿದ. ಚಟ್ಟೆಂದು ಒಡೆಯಿತು. ಮೂಗಿಟ್ಟು ಎಳೆದ. ತಾಮ್ರದ ವಾಸನೆ ಬಿಟ್ಟರೆ ಏನೂ ಇಲ್ಲ. ಬೆರಳದ್ದಿ ನಾಲಿಗೆಗಿಟ್ಟ.

ನೀರು.

ಅವ್ವ ಮೊದಲು ಕೈಹಾಕಿದ್ದೇ ಸರಿಯಾದ ಗಿಂಡಿ. ಬದಲಾಯಿಸಿದವನು ತಾನು. ಗಿಂಡಿಯನ್ನು ಅಲ್ಲೇ ಬಿಟ್ಟು, ಉಟ್ಟ ಟವೆಲಿನಲ್ಲೇ ಬಾಗಿಲಿಗೆ ಓಡಿದ. ಹೊಸ್ತಿಲು ದಾಟುವಷ್ಟರಲ್ಲಿ ಎದುರುಮನೆಯ ತಾಳ ನಿಂತಿತು. ನಾಮವೂ ಅರ್ಧಕ್ಕೇ ನಿಂತಿತು. ಅಳು ಕೇಳಿಸುತ್ತದೆಂದು ಕಾದ. ಯಾರೂ ಅಳಲಿಲ್ಲ. ಆಮೇಲೆ ಒಂದು ಗಂಡುದನಿ, ಮೆಲ್ಲಗೆ: “ಏನಿದು ವಾಸನೆ?”

ಹಿಂದಿನಿಂದ ಹನುಮಕ್ಕ ಕೇಳಿದಳು: “ಚಟ್ ಅಂತು. ಮುದ್ರೆ ಒಡೆದ್ಯಾ?”

ಅವನು ತಿರುಗಿದ. ತೆರೆದ ಗಿಂಡಿ ಅವಳ ಕೈಯಲ್ಲಿತ್ತು.

“ಯಾರಿಗೋ ಒಡೆದೆ, ಮರಿಯಾ?”

“ಯಾರಿಗೂ ಇಲ್ಲ ಕಣವ್ವ… ಸುಮ್ನೆ.”

“ಸುಮ್ನೆ ಒಡೆಯಂಗಿಲ್ಲ ಅಂದಿದ್ನಲ್ಲಪ್ಪ. ಮನೇಲಿ ನೀನು, ನಿನ್ನ ಹೆಂಡ್ತಿ, ನಾನು. ಇನ್ಯಾರು ಅವ್ರೆ?”

ಅವಳ ದನಿಯಲ್ಲಿ ಕೋಪವಿರಲಿಲ್ಲ. ಗಿಂಡಿಯನ್ನು ಮಗನ ಕೈಗಿಟ್ಟು, ಮೂಲೆಯ ಚಾಪೆ ಎಳೆದು ನಡುಮನೆಯಲ್ಲಿ ಹಾಸಿದಳು. ಸೆರಗು ಸರಿಮಾಡಿಕೊಂಡು, ದಕ್ಷಿಣಕ್ಕೆ ತಲೆಯಿಟ್ಟು ಮಲಗಿ, ಕಣ್ಣು ಮುಚ್ಚಿ ಬಾಯಿ ತೆರೆದಳು.