ಮರಿಗೆ ಮೊದಲು ಕುಂಬಳಕಾಯಿ

ಬೀಗ ರಿಪೇರಿಯವನಿಗೆ ಊರಾಚೆ ಒಂದು ತುಂಡು ಜಮೀನಿತ್ತು. ಹೆಂಡತಿ ಅದರಲ್ಲಿ ತರಕಾರಿ ಬೆಳೆಯುತ್ತಿದ್ದಳು, ಒಂದಷ್ಟು ಆಡು, ಬಾತುಕೋಳಿ ಸಾಕಿದ್ದಳು. ಅವನು ಸೈಕಲ್ಲಿಗೆ ಕೀಲಿಗೊಂಚಲು ನೇತುಹಾಕಿಕೊಂಡು ಸುತ್ತಮುತ್ತಲ ಊರುಗಳ ಬೀಗ ತೆಗೆಯುತ್ತಿದ್ದ. ಆ ಮನೆಯಲ್ಲಿ ಮಾತು ಅವಳದು, ಹೂಂಗುಟ್ಟುವುದು ಅವನದು. ಮಕ್ಕಳಿರಲಿಲ್ಲ, ಚಿಲಕ ಇದ್ದಳು.

ಚಿಲಕ ಕಂದು ಬಣ್ಣದ ಹೆಣ್ಣುನಾಯಿ. ಸಂಜೆ ಆಡುಗಳನ್ನು ತಾನೇ ಅಟ್ಟಿಕೊಂಡು ಬಂದು ದೊಡ್ಡಿಗೆ ಸೇರಿಸಿ, ಮೂತಿಯಿಂದ ಬಾಗಿಲು ತಳ್ಳಿ, ಚಿಲಕ ಬೀಳುವವರೆಗೂ ಅಲ್ಲೇ ನಿಲ್ಲುತ್ತಿದ್ದಳು. ಅದಕ್ಕೇ ಆ ಹೆಸರು. ಇಂಥ ನಾಯಿಯ ಮರಿ ಯಾರಿಗೆ ಬೇಡ? ಟೀಚರಮ್ಮ ಕೇಳಿದರು, ಬೇಕರಿಯವಳು ಕೇಳಿದಳು. ಕ್ಷೌರದವನಂತೂ ಗಡ್ಡ ಹೆರೆಯುತ್ತಿರುವಾಗಲೇ ಕೇಳಿದ. ಕತ್ತಿ ಗಂಟಲ ಮೇಲಿರುವಾಗ ಯಾರು ತಾನೇ ಇಲ್ಲ ಎನ್ನುತ್ತಾರೆ? ಬೀಗದವನು ಎಲ್ಲರಿಗೂ ಹೂಂ ಎಂದ. ಅವನು ಮಾತು ಕೊಟ್ಟಷ್ಟು ಮರಿ ಹಾಕಬೇಕೆಂದರೆ ಚಿಲಕ ಹಂದಿಯಾಗಿ ಹುಟ್ಟಿ ಬರಬೇಕಿತ್ತು.

ವಿಷಯ ತಿಳಿದ ಹೆಂಡತಿ ಗಂಡನನ್ನೂ ನಾಯಿಯನ್ನೂ ಹೊರಡಿಸಿಕೊಂಡು ಪಶುವೈದ್ಯೆಯ ಬಳಿ ಹೋದಳು. ಡಾಕ್ಟರಮ್ಮ ಮಾತಿಗೆ ಮೊದಲು ಚಿಲಕಳ ಪಕ್ಕೆಯ ಮೇಲೆ ಕೈಯಾಡಿಸಿದರು.

"ಪಕ್ಕೆಲುಬು ಎಲ್ಲಿಟ್ಟಿದೀರಾ? ಸಿಗ್ತಾನೇ ಇಲ್ವಲ್ಲ. ಏನು ಹಾಕ್ತೀರಾ ಇವಳಿಗೆ?"

"ನಾನು ಅಳತೆಯಲ್ಲೇ ಹಾಕ್ತೀನಿ," ಎಂದು ಹೆಂಡತಿ ಗಂಡನ ಕಡೆ ತಿರುಗಿದಳು. ಬೀಗದವನು ಗೋಡೆಯ ಮೇಲಿದ್ದ ಹಸುವಿನ ಚಿತ್ರವನ್ನು ಬಹಳ ಆಸಕ್ತಿಯಿಂದ ನೋಡತೊಡಗಿದ. ಅವನ ಜೇಬಿನಲ್ಲಿ ಬಿಸ್ಕತ್ತಿನ ಪುಡಿ ಇತ್ತು.

"ಹೊಟ್ಟೆ ಬಿರಿಯೋ ಹಾಗೆ ತಿನ್ನಿಸೋದು ಪ್ರೀತಿ ಅಲ್ಲ ಸ್ವಾಮಿ. ಪಕ್ಕೆಲುಬು ಕೈಗೆ ಸಿಗ್ಬೇಕು, ಕಣ್ಣಿಗೆ ಎದ್ದು ಕಾಣ್ಬಾರ್ದು. ಮೊದಲು ತೂಕ ಇಳಿಸಿ. ಇನ್ನು ಮರಿ ವಿಷಯ. ವಯಸ್ಸೇನೋ ಆಗಿದೆ. ಆದ್ರೆ ಸೊಂಟದ ಎಕ್ಸ್‌ರೇ ತೆಗೆದು ನಗರದ ತಜ್ಞರಿಗೆ ಕಳಿಸ್ತೀನಿ. ಅವರು ಸರಿ ಅಂದ್ಮೇಲೇ ಜೋಡಿ. ಗಂಡಿಗೂ ಇದೇ ಮಾತು. ಅಷ್ಟರಲ್ಲಿ ಹುಟ್ಟೋ ಮರಿಗೆಲ್ಲ ಒಳ್ಳೆ ಮನೆ ನೋಡಿಟ್ಕೊಳ್ಳಿ. ಮೊದಲು ಮನೆ, ಆಮೇಲೆ ಮರಿ."

ಹೆಂಡತಿಗೆ ಆ ಮಾತು ಕಲ್ಲಲ್ಲಿ ಕೆತ್ತಿದಂತಾಯಿತು. ಮನೆಗೆ ಬಂದವಳೇ ಗಂಡನ ಪಕ್ಕೆ ಮುಟ್ಟಿ ನೋಡಿ, "ಇಲ್ಲೂ ಸಿಗ್ತಿಲ್ಲ," ಎಂದಳು. ಅಂದಿನಿಂದ ಇಬ್ಬರಿಗೂ ಒಂದೇ ಲೋಟದ ಅಳತೆ. ಬಿಸ್ಕತ್ತಿನ ಡಬ್ಬಿಗೆ ಅವನ ಕೈಯಿಂದಲೇ ಬೀಗ ಹಾಕಿಸಿ ಕೀಲಿ ತಾನಿಟ್ಟುಕೊಂಡಳು. ಹತ್ತೂರಿನ ಬೀಗ ತೆಗೆದವನಿಗೆ ಆ ಒಂದು ಬೀಗ ತೆಗೆಯಲಾಗಲಿಲ್ಲ. ಕೈಲಾಗದೆ ಅಲ್ಲ, ಎದೆಗಾರಿಕೆ ಸಾಲದೆ.

ಗಂಡು ಸಿಕ್ಕಿದ್ದು ರೈಲ್ವೆ ಸ್ಟೇಷನ್ನಿನಲ್ಲಿ. ಅಲ್ಲಿನ ಸ್ಟೇಷನ್ ಮಾಸ್ತರರ ನಾಯಿ ಸಿಗ್ನಲ್. ಅದರ ಸೊಂಟ ಗಟ್ಟಿಯಾಗಿದೆ ಎಂದು ಡಾಕ್ಟರಮ್ಮ ಆಗಲೇ ಹೇಳಿಯಾಗಿತ್ತು. ಆ ಸ್ಟೇಷನ್ನಿನಲ್ಲಿ ನಿಲ್ಲುವ ರೈಲಿಗಿಂತ ನಿಲ್ಲದೆ ಹೋಗುವ ರೈಲೇ ಹೆಚ್ಚು. ಹಾಗಾಗಿ ಮಾಸ್ತರರಿಗೆ ಬಿಡುವು ಬೇಕಾದಷ್ಟಿತ್ತು.

"ಇವತ್ತಿಂದ ನಾವು ಬೀಗರು," ಎಂದು ಅವರು ಬೀಗದವನ ಕೈ ಕುಲುಕಿದರು.

"ನಾನು ಹುಟ್ಟಿದಾಗಿಂದ ಬೀಗದವನೇ ಸಾರ್."

"ಅದು ಕಸುಬು ಬೀಗರೇ. ಇದು ಸಂಬಂಧ!"

ಮಾಸ್ತರರು ಸಂಬಂಧವನ್ನು ತಮಾಷೆಗೆ ತೆಗೆದುಕೊಳ್ಳುವ ಮನುಷ್ಯರಲ್ಲ. ದಿನಾ ಸಂಜೆ ಸಮವಸ್ತ್ರದಲ್ಲೇ ಬಂದು, "ಸೊಸೆ ಹೇಗಿದಾಳೆ?" ಎಂದು ವಿಚಾರಿಸಿ, ಅವಳ ಬಟ್ಟಲನ್ನು ಮೂಸಿ ನೋಡಿ, ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂರುತ್ತಿದ್ದರು. ಗಂಡಿನ ಕಡೆಯವರೆಂಬ ಗತ್ತು ಬೇರೆ. ಟೀ ತಣ್ಣಗಿದ್ದರೆ ಏನೂ ಅನ್ನುತ್ತಿರಲಿಲ್ಲ, ನಿಟ್ಟುಸಿರು ಬಿಡುತ್ತಿದ್ದರು.

ಇತ್ತ ಮರಿ ಕೇಳಿದವರಿಗೆಲ್ಲ ಹೆಂಡತಿ ಹೇಳಿ ಕಳಿಸಿದಳು. ಎಲ್ಲರೂ ಅಂಗಳದಲ್ಲಿ ಸೇರಿದಾಗ ಕೊಟ್ಟಿಗೆಯಿಂದ ಕುಂಬಳಕಾಯಿಗಳನ್ನು ತಂದು ಒಬ್ಬೊಬ್ಬರ ಮಡಿಲಿಗೂ ಒಂದೊಂದು ಇಟ್ಟಳು. ಆ ವರ್ಷ ಕುಂಬಳ ವಿಪರೀತ ಬಿಟ್ಟಿತ್ತು.

"ಅಕ್ಕಾ, ಇದು ಕುಂಬಳಕಾಯಿ," ಎಂದ ಕ್ಷೌರದವನು.

"ಮರಿ ಬರೋವರೆಗೂ ಇದೇ ಮರಿ. ಹೊತ್ತಿಗೆ ಸರಿಯಾಗಿ ಊಟ ಅಳೆದು ಮುಂದೆ ಇಡಬೇಕು, ಆಮೇಲೆ ಬಟ್ಟಲು ತೊಳೀಬೇಕು. ಬೆಳಿಗ್ಗೆ ಸಂಜೆ ಹೊರಗೆ ಕರ್ಕೊಂಡು ಹೋಗ್ಬೇಕು. ಒಂಟಿಯಾಗಿ ಬಿಟ್ಟು ಹೋಗೋ ಹಾಗಿಲ್ಲ. ನೋಡಿ, ಇದು ಬೊಗಳಲ್ಲ, ಕಚ್ಚಲ್ಲ, ಚಪ್ಪಲಿ ಹರಿಯಲ್ಲ. ಇಂಥದ್ದನ್ನೇ ಸಾಕೋಕೆ ಆಗ್ದಿದ್ರೆ ನಾಯಿ ಏನು ಸಾಕ್ತೀರಿ?"

ಕೊನೆಗೆ ಒಂದು ಕಾಯಿ ಉಳಿಯಿತು. ಅದನ್ನು ಅವಳು ಗಂಡನ ಕೈಗಿಟ್ಟಳು.

"ನನಗ್ಯಾಕೆ ಇವಳೇ? ನಾನು ಸಾಕೋನಲ್ವಾ?"

"ಬಿಸ್ಕತ್ತು ಹಾಕಿದವರು ಯಾರು? ನಿಮಗೂ ಪರೀಕ್ಷೆ."

ಮೊದಲೆರಡು ದಿನ ಊರು ನಕ್ಕಿತು. ಆಮೇಲೆ ನಗು ತಾನಾಗಿ ನಿಂತಿತು. ಬೆಳಗಾಗುತ್ತಲೇ ಜನ ಕಾಯಿ ಎತ್ತಿಕೊಂಡು ಹೊಲದ ಬದುವಿನ ಮೇಲೆ ಅಡ್ಡಾಡಿಸತೊಡಗಿದರು. ಎದುರಾದವರು, "ನಿಮ್ಮದು ಹೇಗಿದೆ?" ಎಂದರೆ, "ಯಾಕೋ ಎರಡು ದಿನದಿಂದ ಮಂಕಾಗಿದೆ ಕಣ್ರೀ," ಎನ್ನುವಷ್ಟಕ್ಕೆ ಬಂತು. ಟೀಚರಮ್ಮ ತಮ್ಮದನ್ನು ಶಾಲೆಯ ಮೇಜಿನ ಮೇಲಿಟ್ಟುಕೊಂಡೇ ಪಾಠ ಮಾಡಿದರು. ಅಷ್ಟು ಏಕಾಗ್ರತೆಯಿಂದ ಪಾಠ ಕೇಳಿದವರನ್ನು ತಾವು ಈವರೆಗೆ ಕಂಡಿಲ್ಲ ಎಂದರು. ಬಸ್ಸಿನ ಕಂಡಕ್ಟರ್, "ನಾಯಿ ಇರೋರೆಲ್ಲ ಹಿಂದಿನ ಸೀಟಿಗೆ ಹೋಗಿ," ಎಂದು ಕಾಯಿ ಹೊತ್ತವರನ್ನು ಹಿಂದಕ್ಕೆ ಅಟ್ಟಿದ. ಬೇಕರಿಯವಳು ತನ್ನದರ ಹೊಟ್ಟೆ ಮೆತ್ತಗಾಗಿದೆಯೆಂದು ಗಾಬರಿಯಾಗಿ ಡಾಕ್ಟರಮ್ಮನ ಹತ್ತಿರ ಓಡಿದಳು. ಡಾಕ್ಟರಮ್ಮ ಕಣ್ಣು ಕೂಡ ಮಿಟುಕಿಸದೆ ಒತ್ತಿ ನೋಡಿ, "ನೆಲದ ತೇವ. ಕೆಳಗೆ ಒಣಗಿದ ಗೋಣಿ ಹಾಸಿ. ಮರಿಗೂ ಅಷ್ಟೇ," ಎಂದರು.

ಬೀಗದವನು ತನ್ನದನ್ನು ಸೈಕಲ್ಲಿನ ಬುಟ್ಟಿಯಲ್ಲಿ ಕೂರಿಸಿಕೊಂಡು ಕೆಲಸಕ್ಕೆ ಹೋಗುತ್ತಿದ್ದ. ಮೊದಮೊದಲು ನಾಚಿಕೆಯಾಯಿತು. ಬರಬರುತ್ತಾ ಇಳಿಜಾರಿನಲ್ಲಿ ಬ್ರೇಕು ಮೆಲ್ಲಗೆ ಹಿಡಿಯತೊಡಗಿದ.

ಒಂದು ದಿನ ಪಕ್ಕದೂರಿನ ಮನೆಯೊಂದರಲ್ಲಿ ಕೀಲಿ ಕಳೆದು ಬಾಗಿಲ ಮುಂದೆ ನಿಂತಿದ್ದ ಗಂಡ ಹೆಂಡತಿಗೆ ಬೀಗ ತೆಗೆದುಕೊಟ್ಟು, ಅವರು ಹೇಳಿದಂತೆ ಹೊಸ ಬೀಗವನ್ನೂ ಕೂರಿಸಿದ. ತನ್ನ ಹತ್ತಿರ ಇದ್ದದ್ದರಲ್ಲಿ ಅದೇ ಗಟ್ಟಿ ಬೀಗ. ಅವರಿಗೆ ರೈಲಿಗೆ ಹೊತ್ತಾಗಿತ್ತು. ಪೆಟ್ಟಿಗೆ ತೆಗೆದುಕೊಂಡು, ಬಾಗಿಲು ಹಾಕಿಕೊಂಡು ಸ್ಟೇಷನ್ನಿಗೆ ಓಡಿದರು. ಬೀಗದವನು ಅರ್ಧ ದಾರಿ ಬಂದ ಮೇಲೆ ಬುಟ್ಟಿ ನೋಡಿದ. ಖಾಲಿ.

ಸೈಕಲ್ ತಿರುಗಿಸಿ ತುಳಿದ ತುಳಿತಕ್ಕೆ ಚೈನು ಎರಡು ಸಲ ಕಳಚಿತು. ಆ ಮನೆಯ ಕಿಟಕಿಯಲ್ಲಿ ಇಣುಕಿದರೆ, ಕುಂಬಳಕಾಯಿ ನಡುಮನೆಯ ಕುರ್ಚಿಯ ಮೇಲೆ, ಬಿಸಿಲಿಗೆ ಬೇಡವೆಂದು ತಾನಿಟ್ಟ ಹಾಗೇ ಕೂತಿತ್ತು. ಎದುರಿಗೆ ತಾನೇ ಹಾಕಿದ ಬೀಗ. ಅದನ್ನು ತೆಗೆಯುವುದು ಅವನಿಗೆ ಕಷ್ಟವಲ್ಲ. ಆದರೆ ಯಜಮಾನರಿಲ್ಲದ ಮನೆಯ ಬೀಗವನ್ನು ಅವನಾಗಲಿ, ಅವನಪ್ಪನಾಗಲಿ ಎಂದೂ ಮುಟ್ಟಿದವರಲ್ಲ. ಆ ಒಂದು ನಿಯಮ ತಪ್ಪಿದರೆ ಬೀಗದವನಿಗೂ ಕಳ್ಳನಿಗೂ ವ್ಯತ್ಯಾಸ ಕೀಲಿಗೊಂಚಲು ಮಾತ್ರ.

ಅವನು ಮೆಟ್ಟಿಲ ಮೇಲೆ ಕೂತ. ಸುತ್ತ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಕಿಟಕಿಯತ್ತ ಬಾಗಿ, "ಇಲ್ಲೇ ಇದೀನಿ, ಹೆದರ್ಬೇಡ," ಎಂದ. ಅಂದ ಮೇಲೆ ಅವನಿಗೇ ಮುಖ ಬಿಸಿಯಾಯಿತು. ಆದರೆ ಸ್ವಲ್ಪ ಹೊತ್ತು ಬಿಟ್ಟು ಮತ್ತೊಮ್ಮೆ ಹೇಳಿದ.

ಬಿಸಿಲು ಇಳಿಯುವ ಹೊತ್ತಿಗೆ, ಗಾಡಿ ಕಳಿಸಿದ ಕೂಡಲೇ ಆ ದಾರಿಯಲ್ಲಿ ಸಿಗ್ನಲ್ ಜೊತೆ ತಿರುಗಾಡಲು ಬಂದ ಮಾಸ್ತರರು ಅವನನ್ನು ಕಂಡರು.

"ಏನು ಬೀಗರೇ, ಪರರ ಜಗಲಿ ಮೇಲೆ?"

ಬೀಗದವನು ತೊದಲುತ್ತಾ ಎಲ್ಲ ಹೇಳಿದ. ಮಾಸ್ತರರು ನಗಲಿಲ್ಲ. ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡು ಕಿಟಕಿಯಲ್ಲಿ ನೋಡಿದರು. "ಅಯ್ಯೋ ಕೂಸೇ," ಎಂದರು. ಬೀಗದವನನ್ನು ಕರೆದುಕೊಂಡು ಸ್ಟೇಷನ್ನಿಗೆ ಧಾವಿಸಿ ಮುಂದಿನ ಸ್ಟೇಷನ್ನಿಗೆ ಫೋನು ಮಾಡಿದರು.

"ಹಲೋ, ನಮ್ಮಲ್ಲಿಂದ ಹೋದ ಗಾಡೀನ ಸ್ವಲ್ಪ ತಡೀರಿ. ಅದರಲ್ಲಿರೋರ ಮನೆಯೊಳಗೆ ಮರಿ ಸಿಕ್ಕಿಹಾಕ್ಕೊಂಡಿದೆ. ಬಾಗಿಲು ತೆಗೆಯೋಕೆ ಅವರ ಒಪ್ಪಿಗೆ ಬೇಕು... ಯಾವ ಜಾತಿ ಮರಿನಾ? ಬಳ್ಳಿ ಜಾತಿದು ರೀ, ಅದೆಲ್ಲ ಯಾಕೆ ಈಗ!"

ರೈಲು ನಿಂತಿತು. ಡಬ್ಬಿ ಡಬ್ಬಿಯಲ್ಲೂ ಕೂಗಿ ಆ ಗಂಡ ಹೆಂಡತಿಯನ್ನು ಹುಡುಕಿದರು. ನಮ್ಮ ಮನೆಯಲ್ಲಿ ಮರಿಯೇ ಇಲ್ಲವಲ್ಲ ಎಂದು ಅವರು ಕಂಗಾಲಾದರು. ಅಷ್ಟರಲ್ಲಿ ಕಿಟಕಿಗಳಿಂದ ತಲೆ ಹಾಕಿದ್ದ ಪ್ರಯಾಣಿಕರೆಲ್ಲ, "ಮೊದಲು ಹೂಂ ಅನ್ನಿ ಸ್ವಾಮಿ, ಪ್ರಾಣ ಹೋಗ್ತಿದೆ!" ಎಂದು ಬೈಯತೊಡಗಿದರು. ಅವರು ಫೋನಿಗೆ ಬಂದು ಹೂಂ ಎಂದರು. ಬೀಗದವನು ಬಾಗಿಲು ತೆಗೆದು, ಕುಂಬಳಕಾಯಿ ಎತ್ತಿಕೊಂಡು, ಕುರ್ಚಿ ಒರೆಸಿ, ಮತ್ತೆ ಬೀಗ ಹಾಕಿದ.

ಮನೆಯಲ್ಲಿ ಹೆಂಡತಿಗೆ ಏನನ್ನೂ ಮುಚ್ಚಿಡಲಿಲ್ಲ. ಅವಳು ಕಾಯಿಯನ್ನು ಇಸಕೊಂಡು ಸುತ್ತಲೂ ತಿರುಗಿಸಿ ನೋಡಿದಳು.

"ಬಿಟ್ಟು ಬಂದಿದ್ದು ತಪ್ಪು. ವಾಪಸ್ ಹೋಗಿದ್ದು ಸರಿ," ಎಂದಳು. ಅವನು ಪಾಸೋ ನಪಾಸೋ ಎಂದು ಹೇಳಲೇ ಇಲ್ಲ.

ಹೆಂಡತಿ ಹೇಳಿಕಳಿಸಿದ ಪರೀಕ್ಷೆಯ ದಿನ ಎಲ್ಲರೂ ತಂತಮ್ಮ ಕಾಯಿಯೊಂದಿಗೆ ಅಂಗಳಕ್ಕೆ ಬಂದರು. ಹೆಂಡತಿ ಒಂದೊಂದನ್ನೇ ತಿರುಗಿಸಿ, ತಟ್ಟಿ ನೋಡಿದಳು. ಆಮೇಲೆ ಸೊಂಟಕ್ಕೆ ಕೈಕೊಟ್ಟು, "ಇಲ್ಲಿ ಒಬ್ಬರ ಕೈಲಿರೋದು ನಾನು ಕೊಟ್ಟಿದ್ದಲ್ಲ. ಎಲ್ಲಿಂದಲೋ ಕದ್ದು ತಂದಿದ್ದು," ಎಂದಳು.

ಕ್ಷೌರದವನ ಕೈ ತಾನಾಗಿ ಹೆಗಲಿಗೆ ಹೋಯಿತು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ ಎಂಬ ಗಾದೆ ಯಾರಿಗೆ ಗೊತ್ತಿಲ್ಲ? ಆದರೆ ಕಣ್ಣಾರೆ ಕಂಡವರು ಒಬ್ಬರೂ ಇರಲಿಲ್ಲ. ಟೀಚರಮ್ಮನಿಗೆ ಮೈ ಜುಮ್ಮೆಂದಿತು.

"ಭಾವಮೈದ ಹೇಳದೆ ಕೇಳದೆ ಊಟಕ್ಕೆ ಬಂದ್ಬಿಟ್ಟ ಅಕ್ಕಾ," ಎಂದು ಕ್ಷೌರದವನು ಅಳತೊಡಗಿದ. "ಮನೇಲಿ ಬೇರೆ ಏನೂ ಇರ್ಲಿಲ್ಲ. ಅವನು ಬಡಿಸ್ಕೊಂಡು ತಿಂದ. ನನಗೆ ಮಾತ್ರ ತುತ್ತು ಇಳೀಲಿಲ್ಲ. ಅಷ್ಟು ದಿನ ಜೊತೆಗಿತ್ತು..."

ಅವನನ್ನು ಬೈಯಬೇಕೋ ಸಮಾಧಾನ ಮಾಡಬೇಕೋ ತಿಳಿಯದೆ ಜನ ನಿಂತಿರುವಾಗಲೇ ಡಾಕ್ಟರಮ್ಮ ಬಂದರು. ಕೈಯಲ್ಲಿ ನಗರದ ತಜ್ಞರಿಂದ ವಾಪಸ್ ಬಂದ ಎಕ್ಸ್‌ರೇ ಇತ್ತು.

"ಚಿಲಕಳ ಸೊಂಟದ ಕೀಲು ಸರಿಯಾಗಿ ಕೂತಿಲ್ಲ. ಈಗ ನೋವಿಲ್ಲ, ತೂಕ ಏರದ ಹಾಗೆ ನೋಡ್ಕೊಂಡ್ರೆ ಆರಾಮಾಗಿ ಬಾಳ್ತಾಳೆ. ಆದ್ರೆ ಮರಿ ಹಾಕಿಸಿದ್ರೆ ಈ ದೋಷ ಅವಕ್ಕೂ ಹೋಗ್ಬಹುದು. ಬೇಡ."

ಗದ್ದಲವೆದ್ದಿತು. ಇಷ್ಟು ದಿನ ಕಾಯಿ ಹೊತ್ತು ತಿರುಗಿದ್ದು ಇದಕ್ಕಾ ಎಂದರು. "ಒಂದೇ ಒಂದು ಸಲ ಕೂಡಿಸಿಬಿಡಿ ಬೀಗದಣ್ಣ. ಒಳಗಿನ ಮೂಳೆ ಯಾರಿಗೆ ಕಾಣತ್ತೆ?" ಎಂದಳು ಬೇಕರಿಯವಳು. ಎಲ್ಲರ ಕಣ್ಣೂ ಬೀಗದವನ ಮೇಲೆ. ಅವನು ಇಲ್ಲ ಎಂದದ್ದನ್ನು ಆ ಊರು ಕೇಳಿರಲಿಲ್ಲ.

ಚಿಲಕ ಅವನ ಪಾದದ ಮೇಲೆ ಗದ್ದ ಊರಿ ಮಲಗಿದ್ದಳು.

"ಇಲ್ಲ," ಎಂದ ಬೀಗದವನು. "ಮಾತು ಕೊಟ್ಟಿದ್ದೆ, ನಿಜ. ಕೊಡ್ಬಾರ್ದಿತ್ತು. ಕುಂಟೋ ಮರೀನ ನಿಮ್ಮ ಕೈಗೆ ಹಾಕಿ ನಾನು ಹೇಗೆ ನಿದ್ದೆ ಮಾಡ್ಲಿ? ಆಗಲ್ಲ."

ಹೆಂಡತಿ ಅವನನ್ನೇ ನೋಡಿದಳು, ಹೊಸಬರನ್ನು ನೋಡುವ ಹಾಗೆ.

ಆಗ ಟೀಚರಮ್ಮ ಮೆಲ್ಲಗೆ ಕೇಳಿದರು: "ನನಗೆ ಬೆಳಿಗ್ಗೆ ಎದ್ದು ಹೊರಗೆ ಹೋಗೋದು ರೂಢಿಯಾಗಿಬಿಟ್ಟಿದೆ. ಇನ್ಮೇಲೆ ಯಾರನ್ನ ಕರ್ಕೊಂಡು ಹೋಗ್ಲಿ?"

ಡಾಕ್ಟರಮ್ಮ ಗಂಟಲು ಸರಿಮಾಡಿಕೊಂಡರು. ರಸ್ತೆ ಕೆಲಸದವರು ಸಿಮೆಂಟು ಪೈಪಿನೊಳಗೆ ಸಿಕ್ಕಿದ ಮರಿಗಳನ್ನು ತಂದು ತಮ್ಮಲ್ಲಿ ಬಿಟ್ಟಿದ್ದಾರೆ, ತಾಯಿ ಯಾರೋ ಗೊತ್ತಿಲ್ಲ, ಈಗಷ್ಟೇ ಹಾಲು ಬಿಟ್ಟು ಮೆತ್ತನೆಯ ಊಟ ಹಿಡಿದಿವೆ ಎಂದರು. ಆಡು ಕಾಯುತ್ತವೋ ಇಲ್ಲವೋ ಆಣೆ ಇಟ್ಟು ಹೇಳಲಾರೆ ಎಂದೂ ಸೇರಿಸಿದರು.

ಮೊದಲು ಮೇಲೆದ್ದವನು ಕ್ಷೌರದವನು. ಹೆಂಡತಿ ಅವನ ಭುಜ ಹಿಡಿದು ಕೂರಿಸಿ, "ನೀನು ಕೊನೇಲಿ," ಎಂದಳು. ಬೇಡ ಎನ್ನಲಿಲ್ಲ.

ಮರಿಗಳು ಹಂಚಿಹೋದವು. ಅವು ಬೊಗಳಿದವು, ಕಚ್ಚಿದವು, ಚಪ್ಪಲಿ ಹರಿದವು. ಟೀಚರಮ್ಮನ ಮರಿ ಪಾಠಪುಸ್ತಕದ ರಟ್ಟು ತಿಂದಿತು. ಕ್ಷೌರದವನ ಮನೆಗೆ ಭಾವಮೈದ ಮತ್ತೆ ಬಂದಾಗ, ಮರಿಯ ಊಟ ಮುಗಿಯುವವರೆಗೂ ಅವನನ್ನು ಬಾಗಿಲಲ್ಲೇ ನಿಲ್ಲಿಸಿದರಂತೆ.

ಚಿಲಕಳಿಗೆ ಇನ್ನು ಮರಿಯಾಗದಂತೆ ಆಪರೇಷನ್ ಆಯಿತು. ಅವಳು ಚೇತರಿಸಿಕೊಂಡು ಮೊದಲ ಸಲ ಹೊರಬಿದ್ದ ಸಂಜೆ, ಮಾಸ್ತರರು ಬರುತ್ತಾರೋ ಇಲ್ಲವೋ ಎಂಬ ಅಳುಕು ಬೀಗದವನಿಗೆ. ಬಂದರು. ಚಿಲಕಳ ಪಕ್ಕೆ ಸವರಿ ನೋಡಿ, "ಸಿಗ್ತಿದೆ ಕಣ್ರೀ, ಒಂದೊಂದೂ ಎಣಿಸ್ಬಹುದು," ಎಂದು ಮುಖ ಅರಳಿಸಿ ಕುರ್ಚಿ ಎಳೆದುಕೊಂಡರು.

"ಸಂಬಂಧ ಮುರಿದುಬಿತ್ತಲ್ಲ ಸಾರ್," ಎಂದ ಬೀಗದವನು.

"ಅದ್ಯಾಕೆ ಮುರಿಯತ್ತೆ? ಸಾರ್ ಅಂತೆ, ಸಾರ್! ಬೀಗರೇ ಅನ್ನಿ."

ಹೆಂಡತಿ ಒಳಗಿನಿಂದ ಟೀ ತಂದಳು. ಅದು ಬಿಸಿಯಾಗಿತ್ತು. ಸಿಗ್ನಲ್ ಹೊಲದ ಬದುವಿನಲ್ಲಿ ನಿಧಾನವಾಗಿ, ಚಿಲಕಳ ನಡಿಗೆಗೆ ಹೆಜ್ಜೆ ಹೊಂದಿಸಿಕೊಂಡು ಹೋಗುತ್ತಿತ್ತು.